ಸೆಕೆಂಡ್ ಹ್ಯಾಂಡ್ ಬೈಕ್ ಮನೆಗೆ ತರುವ ಮುನ್ನ

ಕಬ್ಬಿನ ಬಿಲ್ ಕೈಗೆ ಬಂತೆಂದರೆ ಗೋಕಾಕ ಭಾಗದ ಮಸಗುಪ್ಪಿಯಂಥ ಊರುಗಳಲ್ಲಿ ಬೈಕಿನದೇ ಮಾತು. ಅಂಗಳಕ್ಕೆ ಗಾಡಿ ಬಂದ ಸಂಜೆ ಅವ್ವ ಆರತಿ ಬೆಳಗುತ್ತಾಳೆ, ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಾರೆ, ಓಣಿಯ ಮಂದಿಗೆಲ್ಲ ಪೇಡೆ. ಬೇರೆಯವರು ಓಡಿಸಿದ ಗಾಡಿಯಾದರೇನು, ಆ ಮನೆಗೆ ಅದೇ ಮೊದಲನೆಯದು. ಈ ಖುಷಿ ಬಾಳಬೇಕಾದರೆ ಕೆಳಗಿನ ಹಂತಗಳನ್ನು ಬಿಡಬೇಡಿ.

1. ತಣ್ಣಗಿರುವಾಗಲೇ ಚಾಲೂ ಮಾಡಿ
ಬೆಳಿಗ್ಗೆ ಹೋಗಿ ಎಂಜಿನ್ ಮುಟ್ಟಿ ನೋಡಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಸ್ಟಾರ್ಟಿಂಗ್ ತೊಂದರೆ ಮುಚ್ಚಿಹೋಗುತ್ತದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ, ಖರ್ಚು ದೊಡ್ಡದು. ಪರಿಚಯದ ಮೆಕ್ಯಾನಿಕ್ ಜೊತೆಗಿರಲಿ.

2. ನೆರೆಯ ಗುರುತು ಹುಡುಕಿ
2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿದಾಗ ದಂಡೆಯ ಊರುಗಳಿಗೆ ನೀರು ನುಗ್ಗಿದ್ದು ನಮಗೆ ಗೊತ್ತು. ನೀವು ನೋಡುತ್ತಿರುವ ಗಾಡಿ ಆಗ ಮುಳುಗಿದ್ದೂ ಇರಬಹುದು. ಸೀಟು ತೆಗೆಸಿ, ಹೆಡ್‌ಲೈಟ್ ಬಿಚ್ಚಿಸಿ. ಮೂಲೆಯಲ್ಲಿ ಒಣಗಿದ ರಾಡಿ, ವೈರಿನ ಜೋಡಣೆಯಲ್ಲಿ ಹಸಿರು ಕಿಲುಬು ಕಂಡರೆ ಆ ಗಾಡಿ ಬೇಡ.

3. ನಂಬರು ತಾಳೆ ನೋಡಿ
ಚಾಸಿ ಮತ್ತು ಎಂಜಿನ್ ನಂಬರುಗಳು ಆರ್‌ಸಿಯಲ್ಲಿ ಇದ್ದಂತೆಯೇ ಇರಬೇಕು. ಬಾಕಿ ದಂಡ ಹಾಗೂ ಸಾಲದ ವಿವರವನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ, ಬ್ಯಾಂಕ್ ಸಹಿ ಮಾಡಿದ ಫಾರ್ಮ್ 35 ಬೇಕು. ನೋಂದಣಿ 15 ವರ್ಷದ್ದು, ನಂತರ ನವೀಕರಿಸಬೇಕು.

4. ಮಹಾರಾಷ್ಟ್ರದ ಗಾಡಿಯಾದರೆ
ಗಡಿಯಾಚೆಯಿಂದ ಬಂದ ಎಂಎಚ್ ನಂಬರಿನ ಗಾಡಿ ಅಗ್ಗವೆನಿಸಬಹುದು. ಆದರೆ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ಮರುನೋಂದಣಿ ಮಾಡಿಸಬೇಕು. ಇಷ್ಟನ್ನೂ ಲೆಕ್ಕ ಹಾಕಿಯೇ ದರ ಮಾತಾಡಿ.

5. ಸಹಿಯಾದ ಮೇಲೆ ಹಣ
ಹೆಸರು ಬದಲಾವಣೆಯ ಫಾರ್ಮ್ 29 ಮತ್ತು 30ಕ್ಕೆ ಮಾರುವವರ ಸಹಿ ಪಡೆದ ಬಳಿಕವೇ ಪೂರ್ತಿ ಹಣ ಕೊಡಿ. ಬ್ಯಾಂಕ್ ಖಾತೆಗೆ ಹಾಕಿದರೆ ಪುರಾವೆ ಉಳಿಯುತ್ತದೆ. ಖರೀದಿಸಿದ 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕೆಂಬುದು 1988ರ ಮೋಟಾರು ವಾಹನ ಕಾಯ್ದೆಯ ನಿಯಮ. ನಮ್ಮ ಭಾಗಕ್ಕೆ ಗೋಕಾಕದಲ್ಲಿಯೇ ಕೆಎ–49 ಆರ್‌ಟಿಒ ಕಚೇರಿಯಿದೆ.

6. ವಿಮೆ ನಿಮ್ಮ ಹೆಸರಿಗೆ
ಖರೀದಿಸಿದ 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಿ. 2018ರ ಸೆಪ್ಟೆಂಬರ್ ನಂತರ ಹೊಸದಾಗಿ ಮಾರಾಟವಾದ ಬೈಕುಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿತ್ತು. ಅದರ ಅವಧಿ ಮುಗಿದಿದೆಯೇ ನೋಡಿಕೊಳ್ಳಿ. ವಿಮೆಯಿಲ್ಲದೆ ಮೊದಲ ಸಲ ಸಿಕ್ಕಿಬಿದ್ದರೆ 2,000 ರೂಪಾಯಿವರೆಗೆ ದಂಡವಿದೆ, ಜೈಲೂ ಆಗಬಹುದು. ಹೊಗೆ ತಪಾಸಣೆ ಪತ್ರವೂ ಚಾಲ್ತಿಯಲ್ಲಿರಲಿ.

7. ಮೊದಲ ವಾರದ ಸರ್ವಿಸ್
ಎಂಜಿನ್ ಆಯಿಲ್, ಏರ್ ಫಿಲ್ಟರ್, ಪ್ಲಗ್ ಬದಲಿಸಿ. ಬ್ರೇಕ್, ಚೈನ್, ಟೈರ್ ತೋರಿಸಿ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ರಾತ್ರಿಯಿಡೀ ಓಡಾಡುವ ರಸ್ತೆ ನಮ್ಮದು. ಹೆಡ್‌ಲೈಟ್ ಮತ್ತು ಬ್ರೇಕ್ ಸರಿಯಾಗುವ ತನಕ ಕತ್ತಲಲ್ಲಿ ಗಾಡಿ ತೆಗೆಯಬೇಡಿ.

ಮಾರುವವರಿಗೂ ಒಂದು ಮಾತು. ಅಪಘಾತವಾದರೆ ನೋಂದಣಿಯಲ್ಲಿ ಹೆಸರಿರುವವರನ್ನೇ ಮಾಲೀಕರೆಂದು ಕಾಣಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆದ್ದರಿಂದ ಹೆಸರು ಬದಲಾವಣೆ ಇಬ್ಬರಿಗೂ ರಕ್ಷೆ. ಗಾಡಿ ಕೊಳ್ಳುವ ಹಣದಲ್ಲಿ ಎರಡು ಹೆಲ್ಮೆಟ್‌ಗೂ ಪಾಲಿಡಿ: ಒಂದು ನಿಮಗೆ, ಇನ್ನೊಂದು ಹಿಂದೆ ಕೂರುವವರಿಗೆ.