ನಿಂಬೆಹಣ್ಣು ಇಟ್ಟೆವು, ಜಾಕ್ ಇಡಲಿಲ್ಲ

ಕಾರು ಮನೆಗೆ ಬಂದ ದಿನ ಪೂಜೆ ಮಾಡಿದೆವು. ಕವೆಂಟ್ರಿಯ ನಮ್ಮ ಮನೆಯೆದುರು, ಜಿಟಿಜಿಟಿ ಮಳೆಯಲ್ಲಿ. ಬಾನೆಟ್ಟಿಗೆ ಅರಿಶಿನ ಕುಂಕುಮ, ವೈಪರಿಗೆ ಸಿಕ್ಕಿಸಿದ ಸೇವಂತಿಗೆ, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು. 1972ರ ಎಂಜಿಬಿ ಜಿಟಿ. ಕಡುಹಸಿರು ಬಣ್ಣ, ಕ್ರೋಮ್ ಬಂಪರ್, ಸೈಕಲ್ಲಿನಂತೆ ಕಡ್ಡಿ ಇರುವ ಚಕ್ರ. ಪಕ್ಕದ ಮನೆಯ ಮುದುಕ, ಒಂದು ಕಾಲಕ್ಕೆ ಇದೇ ಊರಿನ ಕಾರು ಕಾರ್ಖಾನೆಯಲ್ಲಿ ದುಡಿದವನು, ಬೇಲಿಯಾಚೆಯಿಂದ ನೋಡಿ ‘ಚೆನ್ನಾಗಿದೆ’ ಅಂದ. ಆಮೇಲೆ ಕೇಳಿದ: ‘ಸಿಲ್ ಹೇಗಿವೆ?’

ಚೆನ್ನಾಗಿವೆ ಅಂದೆ. ನಾನು ನೋಡಿರಲಿಲ್ಲ.

ಐದು ತಿಂಗಳಾದ ಮೇಲೆ ಪಂಕ್ಚರ್ ಆಯಿತು. ಜಾಕ್ ಇಡುವ ಜಾಗಕ್ಕೆ ಜಾಕ್ ಇಟ್ಟು ಎತ್ತತೊಡಗಿದೆ. ಜಾಕ್ ಮೇಲೇರಿತು, ಕಾರು ಏಳಲಿಲ್ಲ. ಹಪ್ಪಳ ಮುರಿದಂಥ ಸದ್ದು. ಬಗ್ಗಿ ನೋಡಿದರೆ ಜಾಕ್ ಕಾರಿನ ಹೊಟ್ಟೆಯೊಳಗೆ ಹೋಗಿತ್ತು. ನೆಲದ ಮೇಲೆ ಬೋಗುಣಿಯಷ್ಟು ಕಂದು ಪುಡಿ. ಅದೇ ಜಾಕನ್ನು ಕೊಳ್ಳುವ ಮೊದಲು, ಮಾರುವವನ ಮನೆ ಮುಂದೆ ಇಟ್ಟಿದ್ದರೆ ನನಗೆ 6,408 ಪೌಂಡು ಉಳಿಯುತ್ತಿತ್ತು.

ಸಿಲ್ ಅಂದರೆ ನಮ್ಮ ಭಾಷೆಯಲ್ಲಿ ಹೊಸ್ತಿಲೇ. ಬಾಗಿಲು ತೆರೆದು ದಾಟಿ ಒಳಗೆ ಕಾಲಿಡುವ ಪಟ್ಟಿ. ಆದರೆ ಎಂಜಿಬಿಯಲ್ಲಿ ಅದು ಅಲಂಕಾರದ ಪಟ್ಟಿಯಲ್ಲ. ಇದಕ್ಕೂ ಮೊದಲಿನ ಎಂಜಿಎಗೆ ಬೇರೆ ಚಾಸಿ ಇತ್ತು, ಮೇಲೆ ಬಾಡಿ ಕೂರಿಸಿದ್ದರು. 1962ರಿಂದ 1980ರವರೆಗೆ ಆಬಿಂಗ್ಡನ್ನಿನಲ್ಲಿ ಐದು ಲಕ್ಷಕ್ಕೂ ಮಿಕ್ಕಿ ತಯಾರಾದ ಎಂಜಿಬಿಗೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಹೊರಗಿನ ಸಿಲ್, ಒಳಗಿನ ಸಿಲ್, ನಡುವೆ ಒಂದು ತಗಡು, ಅಡಿಯಲ್ಲಿ ಕೋಟೆಯ ತೆನೆಯಂತೆ ಏರಿಳಿವ ಕ್ಯಾಸಲ್ ಪಟ್ಟಿ. ಇವೆಲ್ಲ ಸೇರಿದ ಟೊಳ್ಳು ಪೆಟ್ಟಿಗೆಯೇ ಕಾರಿನ ಬೆನ್ನುಮೂಳೆ. ಮುಂದಿನ ಚಕ್ರ ಎರಚಿದ ಕೆಸರು ವಿಂಗಿನ, ಅಂದರೆ ಮಡ್ಗಾರ್ಡಿನ, ಹಿಂಬದಿಯ ಸಂದಿಯಲ್ಲಿ ಕೂರುತ್ತದೆ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಆ ಉಪ್ಪುಕೆಸರು ಬೇಸಿಗೆಯಲ್ಲೂ ಒಣಗುವುದಿಲ್ಲ. ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಬಣ್ಣದ ಮೇಲೆ ಸಾಸಿವೆಯಷ್ಟು ಗುಳ್ಳೆ ಎದ್ದಿತೆಂದರೆ ಒಳಗಿನ ಸಂಸಾರ ಮುಗಿದಿದೆ ಎಂದೇ ಲೆಕ್ಕ.

ನಾನು ಸಾಗರದ ಕಡೆಯವನು. ಹಳೆ ಮನೆಯ ತೊಲೆಯನ್ನು ಅಜ್ಜ ಪ್ರತಿ ಮಳೆಗಾಲಕ್ಕೆ ಮೊದಲು ಕತ್ತಿಯ ಹಿಂಬದಿಯಿಂದ ಬಡಿಯುತ್ತಾ ಹೋಗುತ್ತಿದ್ದ. ಟಣ್ ಅಂದರೆ ಮುಂದಕ್ಕೆ, ದಬ್ ಅಂದರೆ ಅಲ್ಲೇ ನಿಂತು ಸುಣ್ಣದಲ್ಲಿ ಗುರುತು. ಗೆದ್ದಲು ತೊಲೆಯ ಹೊರಮೈಯನ್ನು ಚೊಕ್ಕವಾಗಿ ಬಿಟ್ಟು ಒಳಗನ್ನು ತಿನ್ನುತ್ತದೆ ಅನ್ನುವುದು ನನಗೆ ಆರನೇ ವಯಸ್ಸಿಗೇ ಗೊತ್ತಿತ್ತು. ನಲವತ್ತಾರನೇ ವಯಸ್ಸಿನಲ್ಲಿ, ವೇಲ್ಸ್ ಕರಾವಳಿಯ ಒಂದು ಊರಿನಲ್ಲಿ, ಸಮುದ್ರದ ಗಾಳಿಗೆ ಮುಖವೊಡ್ಡಿ ನಿಂತಿದ್ದ ಕಾರಿಗೆ ನಾನು ಬೆರಳಿನ ಗೆಣ್ಣನ್ನೂ ತಾಗಿಸಲಿಲ್ಲ.

ಸೂಚನೆಗಳು ಕಡಿಮೆಯೇನಿರಲಿಲ್ಲ. ಅಡಿಭಾಗಕ್ಕೆ ಕಪ್ಪು ಅಂಡರ್‌ಸೀಲ್ ಹೊಸದಾಗಿ ಬಳಿದಿದ್ದರು, ಟಾರಿನ ವಾಸನೆ ಇನ್ನೂ ಹೋಗಿರಲಿಲ್ಲ. ಎಷ್ಟು ಕಾಳಜಿಯ ಮನುಷ್ಯ ಅಂದುಕೊಂಡೆ. ಸಿಲ್‌ನ ಮೇಲೆ ಥಳಥಳ ಹೊಳೆಯುವ ಸ್ಟೀಲ್ ಕವಚ ಕೂರಿಸಿದ್ದರು. ಮದುವೆಮನೆಯ ತಟ್ಟೆಯ ಹಾಗೆ ಮುಖ ಕಾಣುತ್ತಿತ್ತು, ನನ್ನ ಮುಖವನ್ನೇ ನೋಡಿಕೊಂಡೆ. 9,200 ಹೇಳಿದ್ದನ್ನು 8,500ಕ್ಕೆ ಇಳಿಸಿದೆ. ಏಳುನೂರು ಪೌಂಡು ಚೌಕಾಸಿ ಮಾಡಿದ ಹೆಮ್ಮೆಯಲ್ಲಿ ವಾಪಸು ಬರುವ ದಾರಿಯುದ್ದಕ್ಕೂ ಸಿಳ್ಳೆ ಹಾಕಿದೆ.

ಇನ್ನೊಂದು ಸಂಗತಿ ಹೇಳಲು ನಾಚಿಕೆಯಾಗುತ್ತದೆ. 2018ರ ಮೇ 20ರಿಂದ ಈ ದೇಶದಲ್ಲಿ 40 ವರ್ಷ ದಾಟಿದ, ಮೂಲರೂಪ ಕೆಡಿಸದ ಕಾರಿಗೆ ಎಂಒಟಿ, ಅಂದರೆ ವರ್ಷಕ್ಕೊಮ್ಮೆಯ ತಪಾಸಣೆ, ಕಡ್ಡಾಯವಲ್ಲ. ನಾನು ಅದನ್ನು ಉಳಿತಾಯದ ಖಾನೆಯಲ್ಲಿ ಬರೆದುಕೊಂಡಿದ್ದೆ. ರಸ್ತೆ ತೆರಿಗೆಯೂ ಇಲ್ಲ, ಎಂಒಟಿಯೂ ಇಲ್ಲ! ಹಳೆ ಎಂಒಟಿ ದಾಖಲೆಗಳು ಸರ್ಕಾರದ ತಾಣದಲ್ಲಿ 2005ರಿಂದ ಈಚೆಗಿನವು ಪುಕ್ಕಟೆ ಸಿಗುತ್ತವೆ, ನಂಬರ್ ಹಾಕಿದರೆ ಸಾಕು. ಜಾಕ್ ಒಳಗೆ ಹೋದ ರಾತ್ರಿ ಹಾಕಿ ನೋಡಿದೆ. 2017ರ ಕೊನೆಯ ಪರೀಕ್ಷೆಯಲ್ಲಿ ಎರಡೂ ಬದಿಯ ಸಿಲ್‌ಗೆ ತುಕ್ಕು ಎಂದು ಅಡ್ವೈಸರಿ ಬರೆದಿದ್ದರು. ಮರುವರ್ಷ ವಿನಾಯಿತಿ ಬಂತು, ಆಮೇಲೆ ಯಾರೂ ಕೆಳಗೆ ನೋಡಿಲ್ಲ. ನನ್ನವಳು ಹಿಂದಿನಿಂದ ಸ್ಕ್ರೀನ್ ಓದಿ, ‘ಇದನ್ನ ಮೊದಲೇ ನೋಡಕ್ಕಾಗ್ತಿರಲಿಲ್ವೇನ್ರೀ?’ ಅಂದಳು. ಆಗ್ತಿತ್ತು.

ಈಗ ಲೆಕ್ಕಕ್ಕೆ ಬರೋಣ. ವೆಲ್ಡಿಂಗ್ ಮತ್ತು ಟಿಂಕರಿಂಗ್ ಕೂಲಿ 62 ಗಂಟೆ, ಗಂಟೆಗೆ 55 ಪೌಂಡಿನಂತೆ 3,410. ಇಷ್ಟೊಂದು ಗಂಟೆ ಯಾಕೆಂದರೆ ಸಿಲ್ ಕತ್ತರಿಸಿದ ಕೂಡಲೇ ಬಾಡಿ ನಡು ಬಗ್ಗುತ್ತದೆ. ಬಾಗಿಲ ಚೌಕಕ್ಕೆ ಕಂಬಿ ಕೊಟ್ಟು, ಒಂದೊಂದೇ ಬದಿ ಮಾಡಬೇಕು. ತಗಡಿನ ಪ್ಯಾನಲ್‌ಗಳು 780. ಕೆಳಭಾಗದ ಬಣ್ಣ 1,150. ಕೂಡಿದರೆ 5,340. ಅದರ ಮೇಲೆ 20 ಪರ್ಸೆಂಟ್ ವ್ಯಾಟ್, 1,068. ಒಟ್ಟು 6,408. ಕಾರಿನ 8,500 ಸೇರಿಸಿ: 14,908. ಪೌಂಡಿಗೆ ನೂರು ರೂಪಾಯಿ ಎಂದು ಹಿಡಿದರೆ ಹತ್ತಿರಹತ್ತಿರ 15 ಲಕ್ಷ. ಊರಲ್ಲಿ ಅಣ್ಣನಿಗೆ ಈ ಅಂಕಿ ನಾನು ಹೇಳಿಲ್ಲ, ಅವನು ಈ ಅಂಕಣ ಓದುವುದಿಲ್ಲ ಅನ್ನುವ ಧೈರ್ಯ.

ನಾನು ಕಾರು ನೋಡುತ್ತಿದ್ದ ವಾರದಲ್ಲೇ ಇನ್ನೊಂದು ಎಂಜಿಬಿ ಜಿಟಿ 12,000ಕ್ಕೆ ಇತ್ತು. ಮೂರು ವರ್ಷದ ಹಿಂದೆ ಸಿಲ್ ಪೂರ್ತಿ ಬದಲಿಸಿದ್ದರು, ಪ್ರತಿ ಹಂತದ ಫೋಟೋ, ಬಿಲ್ಲು ಎಲ್ಲ ಫೈಲಿನಲ್ಲಿತ್ತು. ದುಬಾರಿ ಅಂದು ಬಿಟ್ಟೆ. ಆ ದುಬಾರಿ ಕಾರು ನನ್ನ ಅಗ್ಗದ ಕಾರಿಗಿಂತ 2,908 ಪೌಂಡು ಅಗ್ಗ.

ಮುಖ್ಯ ಲೆಕ್ಕ ಇನ್ನೂ ಬಾಕಿ ಇದೆ. ಎಂಜಿ ಬಲ್ಲ ಒಬ್ಬ ಇನ್ಸ್‌ಪೆಕ್ಟರ್ ಕಾರು ನೋಡಿ ವರದಿ ಕೊಡಲು 240 ಪೌಂಡು ಕೇಳಿದ್ದ. ದಂಡ ಅಂದುಕೊಂಡೆ. 6,408ನ್ನು 240ರಿಂದ ಭಾಗಿಸಿ: 26.7. ಅಂದರೆ ಇಂಥ ಇಪ್ಪತ್ತಾರು ಕಾರು ನೋಡಿಸಿ, ಒಂದರಲ್ಲಿ ಮಾತ್ರ ಇಂಥ ತುಕ್ಕು ಸಿಕ್ಕಿದ್ದರೂ ನನ್ನ ದುಡ್ಡು ವಾಪಸು. ಐವತ್ತು ವರ್ಷ ಇಂಗ್ಲೆಂಡಿನ ಮಳೆಯಲ್ಲಿ ನೆನೆದ, ತಗಡಿನ ಟೊಳ್ಳು ಪೆಟ್ಟಿಗೆಯ ಕಾರಿನಲ್ಲಿ ತುಕ್ಕಿನ ಸಾಧ್ಯತೆ ಇಪ್ಪತ್ತಾರರಲ್ಲಿ ಒಂದೇ? ಆ 240ನ್ನು ಐದು ಸಲ ಕೊಟ್ಟು, ಐದು ಕಾರನ್ನೂ ಬೇಡ ಅಂದಿದ್ದರೂ ಖರ್ಚು 1,200.

ಲೆಕ್ಕ ಇಷ್ಟು ಸಲೀಸಾಗಿದ್ದರೂ ಯಾಕೆ ಮಾಡಲಿಲ್ಲ? ಜಿಪುಣತನ ನೆಪ ಮಾತ್ರ. ಇನ್ಸ್‌ಪೆಕ್ಟರ್ ಬಂದರೆ ಏನಾದರೂ ಹುಡುಕಿಬಿಡುತ್ತಾನೆ, ಹುಡುಕಿದರೆ ಕೊಳ್ಳುವ ಹಾಗಿಲ್ಲ ಅನ್ನುವ ಭಯ ನನಗೆ. ಹಸಿರು ಕಾರು ಆಗಲೇ ನನ್ನದಾಗಿತ್ತು.

ಇನ್ನು ವಾರಂಟಿ. ಕೊಂಡ ವಾರವೇ ಆನ್‌ಲೈನಿನಲ್ಲಿ ಹಳೆ ಕಾರಿನ ವಾರಂಟಿ ಎಂದು 395 ಪೌಂಡು ಕಟ್ಟಿದ್ದೆ. (ಮೇಲಿನ ಮೊತ್ತಕ್ಕೆ ಇದನ್ನು ಸೇರಿಸಿಲ್ಲ, ಸೇರಿಸಲು ಕೈ ಬರಲಿಲ್ಲ.) ಹನ್ನೊಂದು ಪುಟದ ಕಾಗದ. ಎಂಜಿನ್ನಿಗೆ ಇದೆ, ಗೇರ್‌ಬಾಕ್ಸಿಗೆ ಇದೆ, ತುಕ್ಕಿಗೆ ಇಲ್ಲ. ತುಕ್ಕಿನಿಂದ ಶುರುವಾದ ಯಾವುದಕ್ಕೂ ಇಲ್ಲ. ಕೊಳ್ಳುವ ಮೊದಲೇ ಇದ್ದದ್ದಕ್ಕಂತೂ ಇಲ್ಲವೇ ಇಲ್ಲ. ಈ ಕಾರಿನ 1798 ಸಿಸಿ ಎಂಜಿನ್ ಸ್ಪ್ಯಾನರ್ ಹಿಡಿಯಲು ಬರುವ ಯಾರಾದರೂ ಬಿಚ್ಚಿ ಕಟ್ಟಬಹುದಾದದ್ದು, ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತದೆ. ಮನೆ ಮುಳುಗಿಸುವುದು ಬಾಡಿ. ಮುಳುಗುವ ಜಾಗ ಬಿಟ್ಟು ಉಳಿದೆಡೆ ಕೊಡೆ ಹಿಡಿಯುವವರಿಗೆ 395 ಯಾಕೆ? ದಯವಿಟ್ಟು ಕಟ್ಟಬೇಡಿ. ‘ಕ್ಲಾಸಿಕ್ ಕಾರು ಹೂಡಿಕೆ, ಲಾಭಕ್ಕೆ ಕ್ಯಾಪಿಟಲ್ ಗೇನ್ಸ್ ತೆರಿಗೆಯೂ ಇಲ್ಲ’ ಎಂದು ಸಾಲ ಮಾರುವವರ ಮಾತೂ ಇದೇ ಜಾತಿಯದು. ತೆರಿಗೆ ಇಲ್ಲ, ನಿಜ. ಹಾಗಾಗಿಯೇ ನಷ್ಟವನ್ನೂ ಎಲ್ಲೂ ತೋರಿಸುವಂತಿಲ್ಲ ಅನ್ನುವ ಅರ್ಧವನ್ನು ಅವರು ಹೇಳುವುದಿಲ್ಲ.

ಮಾರಿದವನ ಮೇಲೆ ಹೋಗಬಹುದಿತ್ತಲ್ಲ ಅಂತೀರಿ. ಡೀಲರ್ ಆಗಿದ್ದರೆ 2015ರ ಗ್ರಾಹಕ ಕಾಯ್ದೆಯಲ್ಲಿ ಮೊದಲ 30 ದಿನ ವಾಪಸು ಕೊಡುವ ಹಕ್ಕಾದರೂ ಇರುತ್ತಿತ್ತು. ಖಾಸಗಿ ಮಾರಾಟದಲ್ಲಿ ಅವನು ಹೇಳಿದ್ದು ಸುಳ್ಳಾಗಿರಬೇಕು. ನಾನು ಕೇಳಿರಲೇ ಇಲ್ಲ, ಅವನು ಹೇಳಿರಲೇ ಇಲ್ಲ.

ಹೇಗೆ ನೋಡಬೇಕು ಅನ್ನುವುದನ್ನು ನನಗೆ ಕಲಿಸಿದವನು ವೆಲ್ಡರ್. ಫ್ರಿಜ್ಜಿಗೆ ಅಂಟಿಸುವ ತೆಳು ಆಯಸ್ಕಾಂತ ಜೇಬಿನಲ್ಲಿರಲಿ. ಪುಟ್ಟಿ ಮೆತ್ತಿದ ಕಡೆ ಅದು ಹಿಡಿಯದೆ ಜಾರುತ್ತದೆ. ವಿಂಗಿನ ಕೆಳಮೂಲೆ, ಹಿಂಚಕ್ರದ ಮುಂದಿನ ಮೂಲೆ, ಬಾಗಿಲಿನ ಅಡಿ, ಈ ಮೂರೂ ಕಡೆ ಓಡಾಡಿಸಿ. ಬೆರಳಿನ ಗೆಣ್ಣಿನಿಂದ ಸಿಲ್ ತಟ್ಟುತ್ತಾ ಹೋಗಿ, ಅಜ್ಜನ ತೊಲೆಯಂತೆ. ಕಾರ್ಪೆಟ್ ಎತ್ತಿ ನೆಲ ಒತ್ತಿ ನೋಡಿ. ಸೀಟಿನ ಹಿಂದೆ ಬ್ಯಾಟರಿ ಕೂರುವ ತೊಟ್ಟಿ ಇದೆ, ಆಸಿಡ್ಡೂ ನೀರೂ ಸೇರಿ ಅಲ್ಲಿ ಮೊದಲು ತೂತಾಗುವುದು. ಹಿಂದಿನ ಸ್ಪ್ರಿಂಗ್ ನೇತಾಡುವ ಜಾಗವನ್ನು ಟಾರ್ಚ್ ಹಾಕಿ ನೋಡಿ. ಅಡಿಯ ಕ್ಯಾಸಲ್ ಪಟ್ಟಿಯಲ್ಲಿ ಏರಿಳಿತ ಕಾಣಬೇಕು, ಸಪಾಟು ತಗಡು ಕಂಡರೆ ಕೊಳೆತದ್ದರ ಮೇಲೆಯೇ ಮುಚ್ಚಿದ್ದಾರೆ. ಬಾಗಿಲು ತೆರೆದು ತುದಿ ಹಿಡಿದು ಎತ್ತಿ. ಹಿಂಜಿನ ಬುಡವೂ ಜೊತೆಗೇ ಅಲುಗಿದರೆ ಕಂಬವೇ ಸಡಿಲ. ಓಪನ್ ಕಾರಾದರೆ ಜಾಕ್ ಹಾಕಿದಾಗ ಬಾಗಿಲ ಸಂದು ಕಿರಿದಾಗುತ್ತದೆಯೇ ನೋಡಿದರೆ ಸಾಕು, ಗುಟ್ಟು ರಟ್ಟಾಗುತ್ತದೆ. ಜಿಟಿಯಲ್ಲಿ ಆ ಪರೀಕ್ಷೆ ನಂಬಬೇಡಿ: ಮೇಲಿನ ಛಾವಣಿ ಬಾಡಿಯನ್ನು ಹಿಡಿದಿಟ್ಟಿರುತ್ತದೆ, ಸಿಲ್ ಪುಡಿಯಾಗಿದ್ದರೂ ಬಾಗಿಲು ಟಪ್ ಅಂತ ಮುಚ್ಚುತ್ತದೆ. ನನ್ನದೂ ಮುಚ್ಚುತ್ತಿತ್ತು. ಸ್ಟೀಲ್ ಕವಚ ಇದ್ದರೆ ತೆಗೆಸಿ. ತೆಗೆಯಲಾರೆ ಅಂದರೆ ನಮಸ್ಕಾರ ಹೇಳಿ ಬನ್ನಿ. ಎಂಒಟಿ ಮಾಡುವವರು ಏನನ್ನೂ ಬಿಚ್ಚುವಂತಿಲ್ಲ, ಹಾಗಾಗಿ ಪಾಸಾದ ಕಾಗದವೂ ಕವಚದ ಹಿಂದಿನದನ್ನು ಹೇಳದು.

ಹಳೆ ಬಟ್ಟೆ ಹಾಕಿಕೊಂಡು ಹೋಗಿ. ನಾನು ಅಂದು ಹೊಸ ಕೋಟು ಹಾಕಿದ್ದೆ, ನೆಲ ಒದ್ದೆ ಇತ್ತು, ಮಲಗಿ ನೋಡಲು ಮನಸ್ಸಾಗಲಿಲ್ಲ. ಎಪ್ಪತ್ತು ಪೌಂಡಿನ ಕೋಟು. ನಮ್ಮ ಜನರನ್ನು ನೋಡಿ: ಸಂತೆಯಲ್ಲಿ ಒಂದು ತೆಂಗಿನಕಾಯಿ ಕೊಳ್ಳಲು ನಾಲ್ಕು ಕಾಯಿ ಕಿವಿಗಿಟ್ಟು ಅಲ್ಲಾಡಿಸುತ್ತೇವೆ, ಬ್ಯಾಂಕು ಕಾಲು ಪರ್ಸೆಂಟ್ ಬಡ್ಡಿ ಕಡಿಮೆ ಮಾಡಿದರೆ ಖಾತೆ ಬದಲಿಸುತ್ತೇವೆ. ವರ್ಷದ ದೊಡ್ಡ ಖರ್ಚಿನ ಮುಂದೆ ಮಾತ್ರ ಮೊಣಕಾಲು ಊರುವುದಿಲ್ಲ. ಮಾರುವವನು ಏನಂದುಕೊಂಡಾನು ಅನ್ನುವ ದಾಕ್ಷಿಣ್ಯ ಬೇರೆ. ಅವನು ಕೊಟ್ಟ ಚಹಾ ಕುಡಿದ ಮೇಲಂತೂ ಮುಗಿಯಿತು. ಚಹಾ ಆಮೇಲೆ ಕುಡಿಯಿರಿ.

ಪೂರ್ತಿ ಹೊಸ ಬಾಡಿಯೇ ಹಾಕಿಸಿಬಿಡಿ ಅಂದವರೂ ಇದ್ದಾರೆ. ಬ್ರಿಟಿಷ್ ಮೋಟರ್ ಹೆರಿಟೇಜ್ 1988ರಿಂದ ಎಂಜಿಬಿ ಬಾಡಿಯನ್ನು ಹೊಸದಾಗಿ ಮಾಡಿ ಮಾರುತ್ತಿದೆ. ಚೊಕ್ಕ ಕೆಲಸ. ನಾನು ಇಡೀ ಕಾರಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಬೆಲೆ.

ಕಳೆದ ತಿಂಗಳು ಇಲ್ಲೇ ಕೆಲಸಕ್ಕೆ ಬಂದಿರುವ ಹಾಸನದ ಹುಡುಗನೊಬ್ಬ ಫೋನು ಮಾಡಿದ. ‘ಅಣ್ಣಾ, ಲೆಸ್ಟರಲ್ಲಿ ಒಂದು ಎಂಜಿಬಿ ಇದೆ, ಕೆಂಪು, ಸುಮ್ನೆ ಬಂದು ನೋಡಿ.’ ಹಳೇ ಪ್ಯಾಂಟು ಹಾಕಿಕೊಂಡು ಹೋದೆ. ಅವನು ಸ್ಟಿಯರಿಂಗ್ ಹಿಡಿದು ಕೂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದಾಗ ನಾನು ಕೆಳಗೆ ಅಂಗಾತ ಮಲಗಿದ್ದೆ. ಎಡಗಡೆ ಟಣ್, ಬಲಗಡೆ ದಬ್. ಹೊರಗೆ ಬಂದು ಆಯಸ್ಕಾಂತವನ್ನು ಅವನ ಕೈಗೆ ಕೊಟ್ಟು, ನೀನೇ ಹಚ್ಚಿ ನೋಡು ಅಂದೆ. ಎರಡು ಸಲ ಹಚ್ಚಿದ, ಎರಡು ಸಲವೂ ಬಿತ್ತು. ಬರುವಾಗ ಮಾತೇ ಆಡಲಿಲ್ಲ. ದಾರಿಯಲ್ಲಿ ದೋಸೆ ತಿಂದೆವು. ಬಿಲ್ಲು ನಾನೇ ಕೊಟ್ಟೆ, ಅವನ ಮುಖ ಅಷ್ಟು ಇಳಿದಿತ್ತು.