ಜ್ವರ ಬಿಟ್ಟ ಮೇಲೆ

ಸುಳ್ಯದಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಪಯಸ್ವಿನಿ ನದಿಯ ಸಮೀಪದಲ್ಲಿ ಕಲ್ಲುಗುಂಡಿ ಎಂಬ ಊರಿದೆ. ಸುತ್ತಲೂ ಅಡಿಕೆ ಮತ್ತು ರಬ್ಬರಿನ ತೋಟಗಳು. ಮಳೆಗಾಲದಲ್ಲಿ ರಬ್ಬರಿನ ಹಾಲು ಹಿಡಿಯುವ ಗೆರಟೆಯಲ್ಲಿ, ಉದುರಿದ ಅಡಿಕೆಹಾಳೆಯಲ್ಲಿ ನೀರು ನಿಲ್ಲುತ್ತದೆ. ಹಗಲಿನಲ್ಲಿ ಕಚ್ಚುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂತಹ ನೀರಿನ ಅಂಚಿನಲ್ಲಿಯೇ. ೨೦೦೮ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ತೋಟದ ಸೀಮೆಗಳಲ್ಲಿ ಈ ಸೊಳ್ಳೆಯ ಮೂಲಕ ಚಿಕುನ್‌ಗುನ್ಯ ಜ್ವರವು ವ್ಯಾಪಕವಾಗಿ ಹರಡಿತು.

ಈ ರೋಗವನ್ನು ಮೊದಲು ಗುರುತಿಸಿದ್ದು ೧೯೫೨ರಲ್ಲಿ, ಆಫ್ರಿಕದ ಇಂದಿನ ಟಾಂಜಾನಿಯ ದೇಶದಲ್ಲಿ. ಅಲ್ಲಿಯ ಮಕೊಂಡೆ ಭಾಷೆಯಿಂದ ಬಂದ ಈ ಹೆಸರು, ನೋವಿನಿಂದ ರೋಗಿಯ ದೇಹ ಬಾಗುವುದನ್ನು ಸೂಚಿಸುತ್ತದೆ. ಭಾರತದಲ್ಲಿ ಇದು ೧೯೬೩ರಲ್ಲಿ ಕಲ್ಕತ್ತೆಯಲ್ಲಿ ಕಾಣಿಸಿಕೊಂಡಿತು. ಮುಂದೆ ಹಲವು ದಶಕಗಳ ಕಾಲ ಮರೆಯಾಗಿದ್ದು, ೨೦೦೫–೦೬ರಲ್ಲಿ ಕರ್ನಾಟಕವೂ ಸೇರಿದಂತೆ ಅನೇಕ ರಾಜ್ಯಗಳನ್ನು ಮತ್ತೆ ಬಾಧಿಸಿತು.

ಈ ಜ್ವರವು ಸಾಮಾನ್ಯವಾಗಿ ಒಂದು ವಾರದೊಳಗೆ ಇಳಿಯುತ್ತದೆ. ಆದರೆ ಜ್ವರ ಬಿಟ್ಟಿತೆಂದರೆ ರೋಗ ಬಿಟ್ಟಿತೆಂದು ಅರ್ಥವಲ್ಲ. ಹಲವರಲ್ಲಿ ಬೆರಳು, ಮಣಿಕಟ್ಟು, ಮೊಣಕಾಲು ಮತ್ತು ಪಾದದ ಕೀಲುಗಳ ನೋವು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬೆಳಗ್ಗೆ ಎದ್ದಾಗ ಮುಷ್ಟಿ ಕಟ್ಟುವುದೂ ಕಷ್ಟವಾಗುತ್ತದೆ. ನಸುಕಿನಲ್ಲಿಯೇ ಕತ್ತಿ ಹಿಡಿದು ರಬ್ಬರ್ ಮರವನ್ನು ಕೆತ್ತಬೇಕಾದ ಕೂಲಿಗಾರನಿಗೆ ಇದು ಅನ್ನದ ಪ್ರಶ್ನೆ. ಹೊರಗೆ ಗಾಯವಿಲ್ಲ, ಮೈ ಸುಡುವುದಿಲ್ಲ. ಆದುದರಿಂದ ನೋಡುವವರು ಅವನನ್ನು ಸೋಮಾರಿಯೆಂದು ತಿಳಿಯುವುದುಂಟು. ಇದು ರೋಗಕ್ಕಿಂತಲೂ ದುಸ್ಸಹವಾದ ಮಾತು.

ಈ ನೋವಿಗೆ ಕಾರಣವೇನು? ರಕ್ತದಲ್ಲಿಯ ವೈರಸ್ಸು ಸುಮಾರು ಒಂದು ವಾರದಲ್ಲಿ ನಾಶವಾಗುತ್ತದೆ. ಆದರೆ ಅದನ್ನು ಎದುರಿಸಲು ಎಚ್ಚತ್ತ ದೇಹದ ರಕ್ಷಣಾಶಕ್ತಿಯು ಒಮ್ಮೆಗೇ ಶಾಂತವಾಗದೆ ಕೀಲುಗಳಲ್ಲಿ ಉರಿಯೂತವನ್ನು ಮುಂದುವರಿಸುತ್ತದೆ. ವೈರಸ್ಸಿನ ಅವಶೇಷಗಳು ಕೀಲಿನ ಅಂಗಾಂಶದಲ್ಲಿ ಉಳಿದಿರಬಹುದೆಂದೂ ವಿಜ್ಞಾನಿಗಳು ಭಾವಿಸುತ್ತಾರೆ. ವೃದ್ಧರಲ್ಲಿಯೂ ಮೊದಲೇ ಕೀಲುಬೇನೆಯಿದ್ದವರಲ್ಲಿಯೂ ಈ ತೊಂದರೆ ಹೆಚ್ಚು. ೨೦೨೦ರಿಂದೀಚೆಗೆ ಕೋವಿಡ್ ರೋಗಿಗಳಲ್ಲಿ ಅನೇಕರು ಗುಣವಾದ ಮೇಲೂ ಆಯಾಸದಿಂದ ಬಳಲಿದುದನ್ನು ಕಂಡು, ಸೋಂಕಿನ ನಂತರದ ಅಸ್ವಸ್ಥತೆಯ ಕಡೆಗೆ ಜಗತ್ತಿನ ಗಮನ ಹೆಚ್ಚಾಗಿ ಹರಿಯಿತು.

ಚಿಕುನ್‌ಗುನ್ಯದ ವೈರಸ್ಸನ್ನೇ ಕೊಲ್ಲುವ ಔಷಧವಿಲ್ಲ. ಜ್ವರವಿರುವಾಗ ವಿಶ್ರಾಂತಿ, ಸಾಕಷ್ಟು ನೀರು ಹಾಗೂ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಅವಶ್ಯ. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್‌ನಂತಹ ಮಾತ್ರೆಗಳನ್ನು ಸೇವಿಸಬಾರದು; ಡೆಂಗಿಯಲ್ಲಿ ಅವು ರಕ್ತಸ್ರಾವಕ್ಕೆ ಕಾರಣವಾಗಬಲ್ಲವು. ಜ್ವರ ಇಳಿದ ಮೇಲೆ ಕೀಲುಗಳನ್ನು ಮೆಲ್ಲನೆ ಮಡಚಿ ಬಿಡಿಸುವ ವ್ಯಾಯಾಮವನ್ನು ದಿನವೂ ಮಾಡಬೇಕು. ಪೂರ್ತಿ ಮಲಗಿದರೆ ಕೀಲು ಬಿಗಿಯುತ್ತದೆ. ಅತಿಯಾಗಿ ದುಡಿದರೆ ನೋವು ಕೆರಳುತ್ತದೆ. ಮೂರು ತಿಂಗಳು ಕಳೆದರೂ ಬಾವು ಇಳಿಯದಿದ್ದರೆ ತಜ್ಞರನ್ನು ಕಾಣಬೇಕು. ಬೇಗ ಗುಣವಾಗುವ ಆಸೆಯಿಂದ ವೈದ್ಯರನ್ನು ಕೇಳದೆ ಸ್ಟಿರಾಯ್ಡ್ ಮಾತ್ರೆ ನುಂಗುವುದು ಅಪಾಯಕರ.

ಗೆರಟೆಯನ್ನು ಮಗುಚಿಟ್ಟರೆ ಸೊಳ್ಳೆ ಹುಟ್ಟುವುದನ್ನು ತಡೆಯಬಹುದು. ಆದರೆ ರೋಗ ತಗುಲಿದವನಿಗೆ ಔಷಧದೊಡನೆ ಕಾಲಾವಕಾಶವೂ ಬೇಕು. ಅದನ್ನು ಅವನಿಗೆ ಕೊಡಬೇಕಾದವರು ಮನೆಯವರು, ನೆರೆಯವರು ಮತ್ತು ಕೆಲಸ ಕೊಟ್ಟವರು.