ಸ್ವೆಟರ್ ಹೆಣಿಗೆ: ನೂಲಿನ ಅಂಗಡಿಯಿಂದ ಮೊದಲ ಬಾರ್ಡರಿನವರೆಗೆ

ಸೀದಾ, ಉಲ್ಟಾ ಎರಡೂ ಕೈಗೆ ಕೂತು, ಒಂದು ಮಫ್ಲರೋ ಟೋಪಿಯೋ ಮುಗಿಸಿದವರಿಗೆ ಮುಂದಿನ ಆಸೆ ಸ್ವೆಟರು. ಹೀಗೆ ಹುಮ್ಮಸ್ಸಿನಿಂದ ಶುರುವಾದ ಸ್ವೆಟರುಗಳಲ್ಲಿ ಎಷ್ಟೋ ಬೆನ್ನಿನ ಅರ್ಧಕ್ಕೇ ನಿಂತು, ಕಡ್ಡಿಯ ಸಮೇತ ಬೀರುವಿನ ಮೂಲೆ ಸೇರುತ್ತವೆ. ಹೆಣಿಗೆ ಬಾರದೆ ಹೀಗಾಗುವುದು ಕಡಿಮೆ. ನೂಲು ಸಾಲುವುದಿಲ್ಲ, ಬಣ್ಣ ಹೊಂದುವುದಿಲ್ಲ, ಅಳತೆ ತಪ್ಪಿರುತ್ತದೆ. ಈ ಮೂರೂ ಮೊದಲ ಸಾಲು ಹೆಣೆಯುವ ಮುಂಚೆಯೇ ತೀರ್ಮಾನವಾಗಿಬಿಡುವ ವಿಷಯಗಳು.

ಹಂತ 1: ಅಳತೆ ಮನೆಯಲ್ಲೇ ಆಗಲಿ

ಯಾರಿಗೆ ಹೆಣೆಯುತ್ತೀರೋ ಅವರು ಇಷ್ಟಪಟ್ಟು ಹಾಕಿಕೊಳ್ಳುವ ಹಳೆಯ ಸ್ವೆಟರೊಂದನ್ನು ಕೇಳಿ ತೆಗೆದುಕೊಳ್ಳಿ. ಎಳೆಯದೆ ಮಂಚದ ಮೇಲೆ ಹರಡಿ ಕಂಕುಳಿನಿಂದ ಕಂಕುಳಿಗೆ ಅಗಲ, ಹೆಗಲಿನಿಂದ ಕೆಳ ಅಂಚಿಗೆ ಉದ್ದ, ತೋಳಿನ ಉದ್ದ, ಮೂರನ್ನೂ ಬರೆದುಕೊಳ್ಳಿ. ಹಳೆಯದು ಸಿಗದಿದ್ದರೆ ಎದೆಯ ಸುತ್ತಳತೆಗೆ 5ರಿಂದ 8 ಸೆಂ.ಮೀ. ಸಡಿಲ ಸೇರಿಸಿದರೆ ಸಾಕು. 36 ಇಂಚಿನ ಎದೆಯೆಂದರೆ ಸುಮಾರು 91 ಸೆಂ.ಮೀ.; ಸ್ವೆಟರಿಗೆ 96 ಇಟ್ಟುಕೊಳ್ಳೋಣ. ಮುಂದಿನ ಲೆಕ್ಕವೆಲ್ಲ ಇದೇ ಅಳತೆಯ ಮೇಲೆ.

ಮನೆಯಲ್ಲಿ ಎರಡು ಮೂರು ವರ್ಷದ ಮಗುವಿದ್ದರೆ ಮೊದಲ ಸ್ವೆಟರು ಅದಕ್ಕೇ ಆಗಲಿ ಎಂಬುದು ನನ್ನ ಸಲಹೆ. ದೊಡ್ಡವರ ಸ್ವೆಟರಿನ ಅರ್ಧಕ್ಕಿಂತ ಕಡಿಮೆ ನೂಲಿನಲ್ಲಿ ಮುಗಿಯುತ್ತದೆ, ಕಲಿಯುವುದೇನೂ ಕಡಿಮೆಯಾಗುವುದಿಲ್ಲ.

ಹಂತ 2: ಯಾವ ನೂಲು?

ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೇಳಿದರೆ ಬಹುಪಾಲು ಕೈಗೆ ಬರುವುದು ಅಕ್ರಿಲಿಕ್. ಲೂಧಿಯಾನದ ವರ್ಧಮಾನ್, ಓಸ್ವಾಲ್ ಉಂಡೆಗಳು ನಮ್ಮಲ್ಲಿ ಸುಲಭವಾಗಿ ಸಿಗುತ್ತವೆ. ಅವುಗಳಲ್ಲಿ ಅಕ್ರಿಲಿಕ್ಕೂ ಇದೆ, ಉಣ್ಣೆ ಬೆರೆತದ್ದೂ ಇದೆ. ಅಕ್ರಿಲಿಕ್ ಎಂದು ಮೂಗು ಮುರಿಯಬೇಕಾಗಿಲ್ಲ. ಬೆಂಗಳೂರು, ಮೈಸೂರಿನ ಚಳಿಗೆ ಅಷ್ಟು ಸಾಕು, ವಾಷಿಂಗ್ ಮೆಷಿನ್ನಿಗೂ ಹಾಕಬಹುದು, ಬಿಚ್ಚಿ ಮತ್ತೆ ಹೆಣೆದರೂ ತಾಳಿಕೊಳ್ಳುತ್ತದೆ. ಕೊಡಗಿನ ಡಿಸೆಂಬರಿಗೋ ದೂರದ ಚಳಿದೇಶದಲ್ಲಿರುವ ಮಗಳಿಗೋ ಆದರೆ ಉಣ್ಣೆಗೆ ಹೋಗಿ. ಮೆರಿನೊ ಕುರಿಯ ಉಣ್ಣೆ ಮೃದು, ಮೈಗೆ ಚುಚ್ಚುವುದಿಲ್ಲ. ನಮ್ಮ ಡೆಕ್ಕನಿ ಕುರಿಯ ಉಣ್ಣೆ ಕಂಬಳಿಗೆ ಹೇಳಿ ಮಾಡಿಸಿದ್ದು. ಆ ಒರಟು ಕತ್ತಿಗೆ, ಮಣಿಕಟ್ಟಿಗೆ ಸವರುತ್ತಿದ್ದರೆ ಯಾರೂ ಹಾಕಿಕೊಳ್ಳಲಾರರು.

ಬಣ್ಣದಲ್ಲಿ ಕಪ್ಪು, ಕಡುನೀಲಿ ಬೇಡ. ಸಂಜೆಯ ದೀಪದಲ್ಲಿ ಕುಣಿಕೆ ಕಾಣುವುದೇ ಇಲ್ಲ. ಜುಂಗು ಜುಂಗಾದ ನೂಲೂ ಬೇಡ, ತಪ್ಪು ಅದರೊಳಗೆ ಅಡಗಿ ಕೂರುತ್ತದೆ, ಬಿಚ್ಚಲೂ ಬರುವುದಿಲ್ಲ. ನುಣುಪಾದ, ತಿಳಿಬಣ್ಣದ, ಮಧ್ಯಮ ದಪ್ಪದ ನೂಲು ತನ್ನಿ. ಆ ದಪ್ಪಕ್ಕೆ ಅಂಗಡಿಯವರು ‘ಡಿಕೆ’ ಅಥವಾ ‘ಡಬಲ್ ನಿಟಿಂಗ್’ ಎನ್ನುತ್ತಾರೆ. ‘4 ಪ್ಲೈ’ ಎಂದು ಬರೆದದ್ದನ್ನಷ್ಟೇ ನೋಡಿ ನಂಬಬೇಡಿ. ನಾಲ್ಕು ಎಳೆ ತೆಳ್ಳಗಿದ್ದರೆ ನೂಲೂ ತೆಳ್ಳಗೇ.

ಹಂತ 3: ಗ್ರಾಂ ಬಿಡಿ, ಮೀಟರ್ ನೋಡಿ

“ದೊಡ್ಡೋರಿಗಾದ್ರೆ ಅರ್ಧ ಕೇಜಿ ತಗೊಳ್ಳಿ ಮೇಡಂ, ಕಣ್ಮುಚ್ಚಿ ಹೆಣೀಬಹುದು” ಎನ್ನುತ್ತಾರೆ ಅಂಗಡಿಯವರು. ಅವರ ಕಣ್ಣಂದಾಜು ಆ ಒಂದು ನೂಲಿನ ಮಟ್ಟಿಗೆ ಸರಿಯಿದ್ದೀತು. ಆದರೆ ದಪ್ಪ ನೂಲಾದರೆ 100 ಗ್ರಾಮಿಗೆ 150 ಮೀಟರೂ ಇರದೆ ಹೋಗಬಹುದು, ತೆಳ್ಳನೆಯದಾದರೆ 400 ದಾಟಬಹುದು. ಸ್ವೆಟರು ತಿನ್ನುವುದು ಮೀಟರನ್ನು. ನಮ್ಮ ಅಳತೆಯ ತುಂಬುತೋಳಿನ ಸ್ವೆಟರಿಗೆ ಡಿಕೆ ನೂಲು ಸುಮಾರು 1200 ಮೀಟರ್ ಬೇಕು. ಉಂಡೆಗೆ 220 ಮೀಟರ್ ಎಂದಿದ್ದರೆ ಆರು ಉಂಡೆ. ಜೊತೆಗೆ ಇನ್ನೊಂದು ಇರಲಿ, ಏಳು ತನ್ನಿ.

ಏಳನ್ನೂ ಒಟ್ಟಿಗೇ ಕೊಳ್ಳಬೇಕು. ಕಾರಣ ಲೇಬಲ್ಲಿನ ಮೇಲಿರುವ ಲಾಟ್ ನಂಬರ್. ಒಂದು ಸಲ ಬಣ್ಣದ ತೊಟ್ಟಿಗೆ ಇಳಿದ ನೂಲಿಗೆಲ್ಲ ಒಂದು ಲಾಟ್. ಅದೇ ಕಂಪನಿ, ಅದೇ ಬಣ್ಣದ ಸಂಖ್ಯೆ ಇದ್ದರೂ ಲಾಟ್ ಬೇರೆಯಾದರೆ ಛಾಯೆಯಲ್ಲಿ ಕೂದಲೆಳೆಯ ವ್ಯತ್ಯಾಸ. ಉಂಡೆ ಪಕ್ಕದಲ್ಲಿ ಉಂಡೆ ಇಟ್ಟರೆ ಗೊತ್ತಾಗದು. ಬೆನ್ನಿನ ಮೇಲೆ ಅಡ್ಡಗೀಟು ಬಿದ್ದ ಮೇಲೆ ಗೊತ್ತಾಗುತ್ತದೆ. ಗಲ್ಲಾದ ಎದುರೇ ಪ್ರತಿ ಉಂಡೆ ತಿರುಗಿಸಿ ನಂಬರ್ ಓದಿ. ಮುಟ್ಟದ ಉಂಡೆ ವಾಪಸ್ ತೆಗೆದುಕೊಳ್ಳುವಿರಾ ಎಂದೂ ಕೇಳಿ. ಒಂದು ಲೇಬಲ್ಲನ್ನು ಬಿಲ್ಲಿನ ಜೊತೆ ಎತ್ತಿಡಿ.

ಹಂತ 4: ಕಡ್ಡಿ

ನಮ್ಮ ಅಂಗಡಿಗಳಲ್ಲಿ ಹಳೆಯ ಬ್ರಿಟಿಷ್ ಲೆಕ್ಕವೇ ಇನ್ನೂ ನಡೆಯುತ್ತಿದೆ: ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ. 8ನೇ ನಂಬರ್ ಎಂದರೆ 4 ಮಿ.ಮೀ., 10ನೇ ನಂಬರ್ ಎಂದರೆ 3.25 ಮಿ.ಮೀ. ಅಮೆರಿಕದ ಲೆಕ್ಕ ಪೂರ್ತಿ ತಿರುಗುಮುರುಗು. ಅಲ್ಲಿನ 8 ನಮ್ಮ ಲೆಕ್ಕದಲ್ಲಿ 5 ಮಿ.ಮೀ. ಯೂಟ್ಯೂಬ್ ನೋಡಿ ಕಡ್ಡಿ ಕೊಳ್ಳುವವರು ಮಿಲಿಮೀಟರನ್ನೇ ಕೇಳಿ. ಡಿಕೆ ನೂಲಿಗೆ ಮೈಗೆ 8, ಬಾರ್ಡರಿಗೆ 10.

ಹಂತ 5: ಮಾದರಿ ತುಂಡು

ಎಲ್ಲರೂ ಹಾರಿಸುವ ಹಂತ ಇದು. ನನ್ನ ಮಟ್ಟಿಗೆ ಸ್ವೆಟರು ಶುರುವಾಗುವುದೇ ಇಲ್ಲಿ. 8ನೇ ನಂಬರಿನಲ್ಲಿ 36 ಕುಣಿಕೆ ಹಾಕಿ, ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆಯುತ್ತ 15 ಸೆಂ.ಮೀ. ಎತ್ತರಕ್ಕೆ ಬನ್ನಿ. ಮುಚ್ಚಿ, ಸ್ವೆಟರನ್ನು ಒಗೆಯುವ ಹಾಗೇ ಒಗೆದು, ಟವೆಲ್ಲಿನ ಮೇಲೆ ಮಲಗಿಸಿ ಒಣಗಿಸಿ. ಅಕ್ರಿಲಿಕ್ಕಿಗೆ ಇಸ್ತ್ರಿ ಮುಟ್ಟಿಸಬೇಡಿ. ಬಿಸಿಗೆ ನೂಲಿನ ಜೀವವೇ ಹೋಗಿ ಬಟ್ಟೆ ಜೋತುಬೀಳುತ್ತದೆ. ಒಣಗಿದ ಮೇಲೆ ಅಂಚು ಬಿಟ್ಟು ನಡುವಿನಲ್ಲಿ ಸ್ಕೇಲಿಟ್ಟು 10 ಸೆಂ.ಮೀ.ನಲ್ಲಿ ಎಷ್ಟು ಕುಣಿಕೆ ಎಂದು ಎಣಿಸಿ. ಕಡ್ಡಿ ತುದಿಯಿಂದ ಒಂದೊಂದನ್ನೂ ಮುಟ್ಟಿ ಎಣಿಸಿ, ಅರ್ಧ ಕುಣಿಕೆಯನ್ನೂ ಬಿಡಬೇಡಿ.

22 ಬಂತು ಎಂದುಕೊಳ್ಳಿ. ಸೆಂ.ಮೀ.ಗೆ 2.2 ಆಯಿತು. ಬೆನ್ನಿನ ಪಾಲು 96ರ ಅರ್ಧ, 48. 48ನ್ನು 2.2ರಿಂದ ಗುಣಿಸಿದರೆ ಹತ್ತಿರ ಹತ್ತಿರ 106, ಪಕ್ಕದ ಹೊಲಿಗೆಗೆ ಹೋಗುವ ಎರಡು ಸೇರಿ 108. ಎರಡು ಸೀದಾ ಎರಡು ಉಲ್ಟಾ ಬಾರ್ಡರು ಎರಡೂ ಬದಿಯಲ್ಲಿ ಒಂದೇ ರೀತಿ ಕೂರಬೇಕಾದರೆ ನಾಲ್ಕರ ಮಗ್ಗಿಯ ಮೇಲೆ ಎರಡು ಹೆಚ್ಚಿರಬೇಕು. ಹಾಗಾಗಿ 110. ಹೊಲಿದ ಮೇಲೆ ಸುತ್ತಳತೆ ಸುಮಾರು 98 ಸೆಂ.ಮೀ.

ನಿಮ್ಮ ಕೈ ಸಡಿಲವಾಗಿದ್ದು 22ರ ಬದಲು 20 ಬಂದಿದ್ದರೆ? ಅದೇ 110 ಕುಣಿಕೆಗೆ ಸುತ್ತಳತೆ 108. ನಾಲ್ಕು ಇಂಚು ದೊಗಳೆ! 20 ಬಂದರೆ ಕಡ್ಡಿ ಒಂದು ನಂಬರ್ ಸಣ್ಣದು ಮಾಡಿ, 24 ಬಂದರೆ ದಪ್ಪದು ಮಾಡಿ, ಇನ್ನೊಂದು ತುಂಡು ಹೆಣೆಯಿರಿ. ಕೈಬಿಗಿಯನ್ನು ಬಲವಂತವಾಗಿ ಬದಲಿಸಲು ಹೋಗಬೇಡಿ. ಟೀವಿ ನೋಡುತ್ತ ಹೆಣೆಯುವಾಗ ಅದು ತನ್ನ ದಾರಿಗೇ ಮರಳುತ್ತದೆ.

ಹಂತ 6: ಕುಣಿಕೆ ಹಾಕುವುದು

ಉದ್ದ ಬಾಲ ಬಿಟ್ಟು ಕುಣಿಕೆ ಹಾಕುವ ಪದ್ಧತಿಯಲ್ಲಿ 106ನೇ ಕುಣಿಕೆಗೆ ಬಾಲ ಮುಗಿದುಹೋದರೆ ಎಲ್ಲ ಬಿಚ್ಚಬೇಕು. ಕಡ್ಡಿಗೆ ನೂಲನ್ನು ಹತ್ತು ಸುತ್ತು ಸುತ್ತಿ, ಬಿಚ್ಚಿ ಅಳೆಯಿರಿ. ಅದರ ಹನ್ನೊಂದು ಪಟ್ಟು, ಮೇಲೊಂದು ಗೇಣು. ಅಲ್ಲಿಂದ ಮೊದಲ ಗಂಟು. 8ನೇ ನಂಬರಿನಲ್ಲೇ ಹಾಕಿ, ಮೊದಲ ಸಾಲಿಗೆ 10ಕ್ಕೆ ಇಳಿಯಿರಿ. ಸಣ್ಣ ಕಡ್ಡಿಯಲ್ಲಿ ಹಾಕಿದರೆ ಅಂಚು ಬಿಗಿದು ತಲೆ ತೂರಿಸುವಾಗ ಪಟಪಟ ಎನ್ನುತ್ತದೆ.

ಹಂತ 7: ಬಾರ್ಡರು

ಎದುರು ಬದಿಯ ಸಾಲು ಎರಡು ಸೀದಾದಿಂದ ಶುರುವಾಗಿ ಎರಡು ಸೀದಾಗೇ ಮುಗಿಯಬೇಕು, ಹಿಂಬದಿಯ ಸಾಲು ಎರಡು ಉಲ್ಟಾದಿಂದ ಎರಡು ಉಲ್ಟಾಗೆ. ಹಾಗೆ ಮುಗಿಯದಿದ್ದರೆ ಎಲ್ಲೋ ಒಂದು ಕುಣಿಕೆ ಹೆಚ್ಚಿದೆ ಇಲ್ಲವೆ ಜಾರಿದೆ. ಮುಂದಕ್ಕೆ ಹೋಗದೆ ಅಲ್ಲೇ ಹುಡುಕಿ. 6 ಸೆಂ.ಮೀ. ಬಾರ್ಡರು ಆದ ಮೇಲೆ 8ನೇ ನಂಬರಿಗೆ ಬದಲಿಸಿ ಮೈ ಶುರುಮಾಡಿ. ಕಂಕುಳಿನವರೆಗೆ ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಹತ್ತು ಸಾಲಿಗೊಮ್ಮೆ 110 ಇದೆಯೇ ಎಂದು ಎಣಿಸಿದರೆ ಆಯಿತು. ಉಂಡೆ ಮುಗಿಯುತ್ತ ಬಂದಾಗ ನೂಲಿನ ಉದ್ದ ನೋಡಿ: ಒಂದು ಸಾಲಿಗೆ ಹೆಣಿಗೆಯ ಅಗಲದ ನಾಲ್ಕು ಪಟ್ಟಾದರೂ ಇರಬೇಕು. ಇಲ್ಲವಾದರೆ ನಡುವೆ ಗಂಟು ಹಾಕಬೇಡಿ, ಹೊಸ ಉಂಡೆಯನ್ನು ಸಾಲಿನ ತುದಿಯಲ್ಲೇ ಸೇರಿಸಿ ಗೇಣುದ್ದ ಬಾಲ ಬಿಡಿ. ಪಕ್ಕ ಹೊಲಿಯುವಾಗ ಅದು ಹೊಲಿಗೆಯೊಳಗೆ ಸೇರಿಹೋಗುತ್ತದೆ.